ಮೇಣ ಮೆತ್ತಿದ ತೂತು

ಕುಶಾಲನಗರದ ಸಭಾಭವನಕ್ಕೆ ಕರೆಸಿದ್ದರು
ಕಾವೇರಿಯ ಮೂರು ನಡುಗಡ್ಡೆಯವರನ್ನು, ಒಂದೇ ಬೆಂಚಿಗೆ.
ಪ್ರವಾಸಿಗರನ್ನು ಯಾರು ಹೇಗೆ ಸಂಭಾಳಿಸುತ್ತೀರಿ,
ಒಬ್ಬೊಬ್ಬರಾಗಿ ಹೇಳಿ, ಎಂದರು ಕನ್ನಡಕದವರು.
ಗೋಡೆಯ ಮೇಲೆ ನಮ್ಮ ಹೊಳೆಯ ನಕ್ಷೆ.
ನಮ್ಮ ಅತ್ತಿಗಡ್ಡೆ ಅದರಲ್ಲಿ
ಅಕ್ಕಿಯಲ್ಲಿ ಸಿಕ್ಕ ಕಲ್ಲಿನಷ್ಟು.

ಮೊದಲು ಎದ್ದವನು ಬಿದಿರುತಿಟ್ಟಿನ ತಮ್ಮಯ್ಯ.
ತೂಗುಸೇತುವೆ, ಟಿಕೆಟ್ಟು, ಜಿಂಕೆಗೆ ಬೇಲಿ,
ವರ್ಷಕ್ಕೆ ಇಷ್ಟು ಜನ, ಇಷ್ಟು ಲಕ್ಷ.
ಮದುಮಗಳ ಒಡವೆಯಂತೆ
ಅಂಕಿಗಳನ್ನು ಒಂದೊಂದೇ ಎತ್ತಿ ತೋರಿದ.
ಅವನ ತಾಯಿಗೊಂದು ಪಾಸು ಕೊಟ್ಟಿದ್ದಾರೆ,
ಹೆತ್ತು ಹೊತ್ತ ದಡಕ್ಕೆ ಅವಳು ಇಳಿಯಲು:
ಫೋಟೋ ಅಂಟಿಸಿದ್ದು, ಮಾರ್ಚಿಗೊಮ್ಮೆ ಹೊಸದು ಮಾಡಿಸಬೇಕು.
ಅದನ್ನವನು ಹೇಳಲಿಲ್ಲ.
ಒಗೆಯುವ ಬಂಡೆಯ ಪಕ್ಕ 'ಮೌನವಲಯ' ಎಂಬ ಹಲಗೆ ನೆಟ್ಟಿದ್ದನ್ನೂ.
ಮುದುಕಿ ಈಗ ಸೀರೆ ಹಿಂಡುತ್ತಾಳೆ, ಬಡಿಯುವುದಿಲ್ಲ.

ಆಮೇಲೆ ಕೋಣಗಡ್ಡೆಯ ಬೊಳ್ಳವ್ವ.
'ನಾವು ಯಾರನ್ನೂ ಬಿಡೋದಿಲ್ಲ. ಹಗ್ಗ ಕಡಿದು ಆರು ವರ್ಷ'
ಎಂದು ಕೂತಳು. ಅಷ್ಟೇ ಮಾತು.
ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು.
ಅವಳ ತಂಗಿಯ ಮಕ್ಕಳಿಬ್ಬರು ದಿನಾ ನಸುಕಿಗೆ
ಬಿದಿರುತಿಟ್ಟಿಗೆ ಹೋಗಿ, ಬಂದವರ ತಟ್ಟೆಗೆ
ಕಡಂಬುಟ್ಟು ಬೇಯಿಸುವುದು ನನಗೆ ಗೊತ್ತು.
ಅವಳಿಗೂ ಗೊತ್ತು, ನನಗೆ ಗೊತ್ತೆಂದು.
ಇಬ್ಬರೂ ಫ್ಯಾನು ನೋಡಿದೆವು.

ನಮ್ಮದು ಹನ್ನೊಂದು ಮನೆ, ಒಂದೇ ದೋಣಿ.
ಆಲಿಕುಟ್ಟಿಯ ಅಪ್ಪನ ಕಾಲದ ಹಲಗೆ.
ತಳದಲ್ಲಿ ಹೆಬ್ಬೆರಳು ತೂರುವಷ್ಟು ತೂತು,
ಅದಕ್ಕೆ ಜಾಜಿ ಕಾಡಿನಿಂದ ತರುವ ಜೇನುಮೇಣ.
ಮೇಣ ಇದ್ದರೆ ದೋಣಿ. ಜನ ಬರುತ್ತಾರೆ,
ಚಹಾ ಕುಡಿಯುತ್ತಾರೆ, ನಮ್ಮ ಕೋಳಿಗಳ ಫೋಟೋ ತೆಗೆಯುತ್ತಾರೆ.
ಯಾರಿಗೋ ಹೆರಿಗೆ ನೋವು, ಯಾರದೋ ಸೂತಕ,
ಮೀನು ಮೊಟ್ಟೆಯಿಡುವ ವಾರ,
ಅಥವಾ ನಾವು ನಾವೇ ಗಂಟಲು ಬಿಟ್ಟು ಜಗಳಾಡಬೇಕು ಅನ್ನಿಸಿದರೆ
ಮೇಣ ಹೊರಗೆ.
'ಅಯ್ಯೋ ಸಾರ್, ದೋಣಿ ತೂತು.'
ಕಿತ್ತಳೆ ಜಾಕೆಟ್ಟು ತೊಟ್ಟ ನಲವತ್ತು ಮಂದಿ
ಆಚೆ ದಡದಲ್ಲಿ ಸ್ವಲ್ಪ ಹೊತ್ತು ನಿಂತು ಹೋಗುತ್ತಾರೆ.
ತೂತಿನ ಮೇಲೆ ಯಾರು ತಾನೇ ಸಿಟ್ಟಾಗುತ್ತಾರೆ?

ಕೇಳಲು ಹನ್ನೊಂದು ಮನೆಗೂ ಹಕ್ಕಿತ್ತು, ಕಾರಣ ಬೇಡ.
ನಡುಮಧ್ಯಾಹ್ನ ಹೊಳೆಯಲ್ಲಿ ಮೀಯಬೇಕೆಂದು
ನನ್ನತ್ತೆ ಒಮ್ಮೆ ಮೇಣ ತೆಗೆಸಿದ್ದಳು.
ಒಮ್ಮೆ ಮೆತ್ತಲು ಎಲ್ಲರೂ ಮರೆತು
ಎರಡು ವಾರಕ್ಕೆ ಉಪ್ಪು ತೀರಿತ್ತು.

'ನಿಮ್ಮ ಮಾದರಿ ಏನಮ್ಮಾ?'
ಪೆನ್ನು ಕಾಯುತ್ತಿತ್ತು.
ಏನೆನ್ನಲಿ?
'ದೋಣಿ ಹಳೇದು ಸಾರ್' ಎಂದೆ.
ಬರೆದುಕೊಂಡರು, ತುಂಬ ಮರುಗಿ.

ತಿಂಗಳೊಳಗೆ ಹೊಸ ದೋಣಿ ಬಂತು, ಪುಕ್ಕಟೆ.
ಫೈಬರಿನದು, ಮೊಸರಿನಂತೆ ನುಣುಪು.
ಹೂಹಾರ ಹಾಕಿ ಇಳಿಸಿ ಹೋದರು.
ಆಲಿಕುಟ್ಟಿ ಆ ಸಂಜೆ ಅದರೊಳಗೆ ಕುಕ್ಕರುಗಾಲಲ್ಲಿ ಕೂತು
ಹೆಬ್ಬೆರಳಿನಿಂದ ತಳ ತಡವುತ್ತಲೇ ಇದ್ದ,
ಕುರುಡ ಕಾಗದ ಓದುವ ಹಾಗೆ.
ಜಾಜಿ ಮೇಣದುಂಡೆ ಹಿಡಿದು ಬಂದಳು, ನೋಡಿದಳು,
ಉಂಡೆಯನ್ನು ಸೆರಗಿಗೇ ಕಟ್ಟಿಕೊಂಡು ಹೋದಳು.

ಈಗ ಏಪ್ರಿಲ್. ಹೊಳೆ ಕಲ್ಲು ಬಿಟ್ಟಿದೆ.
ಹಳೆಯದೂ ಬೇಡ, ಹೊಸದೂ ಬೇಡ,
ಚಪ್ಪಲಿ ಕೈಯಲ್ಲಿ ಹಿಡಿದು ಬಂಡೆಯಿಂದ ಬಂಡೆಗೆ
ನಡೆದೇ ಬರುತ್ತಾರೆ, ಎಲ್ಲ ಕಡೆಯಿಂದ.
ಬೋರಲು ಹಾಕಿದ ಹಳೆ ದೋಣಿಯ ಮೇಲೆ
ನಾನು ಬಟ್ಟೆ ಹರವುತ್ತಿದ್ದೆ.
ಐಸ್‌ಕ್ಯಾಂಡಿ ಸೋರುವ ಕೈಯ ಪುಟ್ಟ ಹುಡುಗಿ
ಸುತ್ತ ನೋಡಿ ಕೇಳಿದಳು:
'ಆಂಟಿ, ದ್ವೀಪ ಎಲ್ಲಿ?'
'ನೀನು ನಿಂತಿದ್ದೀಯಲ್ಲ, ಅದೇ' ಎಂದೆ.
'ಒಂಚೂರು ಆಚೆ ನಿಲ್ಲು ಮಗಾ,
ಬಟ್ಟೆಗೆ ಬಿಸಿಲು ಬೀಳಲಿ.'